ಡೊಮೈನ್ ಹೆಸರು ಮಾರುವಾಗ ಪಾವತಿ ವಂಚನೆಗೆ ಸಿಲುಕದಿರುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಡೊಮೈನ್ ಮಾರಲು ಹೋಗಿ ಹೆಸರನ್ನೂ ಹಣವನ್ನೂ ಕಳೆದುಕೊಂಡವರನ್ನು ವಿಚಾರಿಸಿದರೆ ಖರೀದಿದಾರರು ಬೇರೆ, ಮೊತ್ತ ಬೇರೆ, ಪಾವತಿಯ ದಾರಿಯೂ ಬೇರೆ ಇರುತ್ತದೆ. ಎಡವಿದ ಜಾಗ ಮಾತ್ರ ಬಹುತೇಕ ಒಂದೇ. ಖಾತೆಯಲ್ಲಿ ಹಣ ಕಾಣಿಸಿದ ಕೂಡಲೇ ಅವರು ಹೆಸರನ್ನು ಬಿಟ್ಟುಕೊಟ್ಟಿರುತ್ತಾರೆ. ಖಾತೆಯಲ್ಲಿ ಕಾಣಿಸುವ ಹಣ ಬೇರೆ, ಯಾರೂ ಹಿಂದಕ್ಕೆ ಎಳೆದುಕೊಳ್ಳಲಾಗದಂತೆ ನಿಮ್ಮದಾದ ಹಣ ಬೇರೆ. ಕಾರ್ಡಿನ ಮೂಲಕ ಬಂದ ಹಣವನ್ನು ತಿಂಗಳುಗಳ ನಂತರವೂ ವಾಪಸು ಪಡೆಯಲು ಪಾವತಿಸಿದವರಿಗೆ ಅವಕಾಶವಿದೆ. ಡೊಮೈನ್ ಮಾತ್ರ ಒಂದೇ ರಿಜಿಸ್ಟ್ರಾರ್‌ನೊಳಗಿನ (ಡೊಮೈನ್ ನೋಂದಾಯಿಸಿಕೊಡುವ ಸಂಸ್ಥೆಯೊಳಗಿನ) ಇನ್ನೊಂದು ಖಾತೆಗೆ ಕೆಲವೇ ನಿಮಿಷಗಳಲ್ಲಿ ಹೋಗಿಬಿಡುತ್ತದೆ, ಹೋದ ಮೇಲೆ ಸುಲಭವಾಗಿ ಮರಳುವುದಿಲ್ಲ. ವಂಚಕರು ಬಳಸಿಕೊಳ್ಳುವುದು ಈ ಎರಡು ಅವಧಿಗಳ ನಡುವಿನ ಅಂತರವನ್ನೇ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಯಾವುದನ್ನು ಮಾಡಬೇಕು ಎನ್ನುವಷ್ಟೇ ಯಾವುದರ ನಂತರ ಮಾಡಬೇಕು ಎನ್ನುವುದೂ ಮುಖ್ಯ.

ಮೊದಲೇ ಕೈಯಲ್ಲಿರಬೇಕಾದ ಸಾಧನಗಳು

ನಿಮಗೆ ರಿಜಿಸ್ಟ್ರಾರ್ ಖಾತೆಯ ಪೂರ್ಣ ಹಿಡಿತ, ಮಾರಲಿರುವ ಡೊಮೈನಿಗೆ ಸಂಬಂಧವಿಲ್ಲದ ಇಮೇಲ್ ವಿಳಾಸ, ಎರಡು ಹಂತದ ಲಾಗಿನ್‌ಗೆ ಬೇಕಾದ ಆ್ಯಪ್ ಅಥವಾ ಭದ್ರತಾ ಕೀಲಿ, ನೋಂದಣಿ ವಿವರ ನೋಡಲು, ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟ, ಇವಿಷ್ಟು ಬೇಕು. ನೋಂದಣಿ ವಿವರ ತೋರಿಸುತ್ತಿದ್ದ ಹಳೆಯ ಹೂಈಸ್ ಸೇವೆಯನ್ನು ಕಡ್ಡಾಯವಾಗಿ ಒದಗಿಸುವ ಹೊಣೆಯಿಂದ ಡಾಟ್ ಕಾಮ್‌ನಂಥ ಸಾಮಾನ್ಯ ವಿಸ್ತರಣೆಗಳ ರಿಜಿಸ್ಟ್ರಾರ್‌ಗಳಿಗೆ 2025ರ ಜನವರಿ ಕೊನೆಯಲ್ಲಿ ಬಿಡುಗಡೆ ಸಿಕ್ಕಿದೆ. ಅದರ ಜಾಗಕ್ಕೆ ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಬಂದಿದೆ. ಹಾಗಾಗಿ ಹಳೆಯ ಜಾಲತಾಣಗಳು ತೋರಿಸುವ ಹೂಈಸ್ ವಿವರವನ್ನೇ ನೆಚ್ಚಿಕೊಳ್ಳಬೇಡಿ.

ಇವುಗಳ ಜೊತೆಗೆ ಒಂದು ಎಸ್ಕ್ರೋ ಸೇವೆಯಲ್ಲಿ (ಹೆಸರು ಕೈಬದಲಾಗುವವರೆಗೆ ಖರೀದಿದಾರರ ಹಣವನ್ನು ಹಿಡಿದಿಡುವ ಮಧ್ಯವರ್ತಿ ಸಂಸ್ಥೆಯಲ್ಲಿ) ಖಾತೆ ತೆರೆದು, ಗುರುತಿನ ಪರಿಶೀಲನೆಯನ್ನೂ ಮುಗಿಸಿಟ್ಟುಕೊಳ್ಳಿ. ಹೆಚ್ಚಿನವರು ಇದನ್ನು ಖರೀದಿದಾರರು ಸಿಕ್ಕ ಮೇಲೆ ನೋಡಿಕೊಂಡರಾಯಿತೆಂದು ಬಿಡುತ್ತಾರೆ. ಆಗ ಅವಸರ ಶುರುವಾಗಿ, ಖರೀದಿದಾರರು ಕಳುಹಿಸಿದ ಕೊಂಡಿಯನ್ನೇ ಒತ್ತುವ ಪರಿಸ್ಥಿತಿ ಬರುತ್ತದೆ.

ಹಂತ 1: ಖಾತೆಗೆ ಬೀಗ ಹಾಕಿ, ಇಮೇಲ್ ಬೇರ್ಪಡಿಸಿ

ರಿಜಿಸ್ಟ್ರಾರ್ ಖಾತೆಗೂ ಅದಕ್ಕೆ ಜೋಡಿಸಿದ ಇಮೇಲ್‌ಗೂ ಎರಡು ಹಂತದ ಲಾಗಿನ್ ಹಾಕಿ. ಡೊಮೈನಿನ ವರ್ಗಾವಣೆ ಬೀಗ ಹಾಕಿದೆಯೇ ಎಂದು ನೋಡಿ. ಲುಕಪ್ ಪುಟದಲ್ಲಿ ಹುಡುಕಿದಾಗ ಸ್ಥಿತಿಯ ಸಾಲಿನಲ್ಲಿ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದು ಬಂದರೆ ಬೀಗ ಇದೆ ಎಂದರ್ಥ. ಇದನ್ನು ತೆಗೆಯುವ ಸಮಯ ಎಂಟನೆಯ ಹಂತದಲ್ಲಿ ಬರುತ್ತದೆ, ಅಲ್ಲಿಯವರೆಗೆ ಮುಟ್ಟಬೇಡಿ. ಗಂಭೀರ ಖರೀದಿದಾರರು ಯಾರೂ ಬೆಲೆಯ ಮಾತು ಮುಗಿಯುವ ಮೊದಲು ಬೀಗ ತೆಗೆಯಿರಿ ಎನ್ನುವುದಿಲ್ಲ.

ಇನ್ನು ಇಮೇಲ್ ವಿಷಯ. ಬಹಳ ಮಂದಿಯ ರಿಜಿಸ್ಟ್ರಾರ್ ಖಾತೆ, ಬ್ಯಾಂಕ್ ಸೂಚನೆಗಳು, ಎಸ್ಕ್ರೋ ಖಾತೆ ಎಲ್ಲವೂ ಅದೇ ಡೊಮೈನಿನ ಮೇಲಿರುವ ವಿಳಾಸಕ್ಕೆ ಬರುತ್ತಿರುತ್ತವೆ. ಡೊಮೈನ್ ಕೈಬದಲಾದ ಮರುಕ್ಷಣ ಹೊಸ ಮಾಲೀಕರು ಆ ವಿಳಾಸವನ್ನು ತಮ್ಮ ಸರ್ವರಿನಲ್ಲಿ ಸೃಷ್ಟಿಸಿಕೊಂಡು, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಸಾಕು, ಬದಲಾವಣೆಯ ಪತ್ರ ಅವರ ಅಂಚೆಪೆಟ್ಟಿಗೆಗೇ ಬರುತ್ತದೆ. ಮಾರಾಟದ ಮಾತುಕತೆ ಆರಂಭಿಸುವ ಮೊದಲು ಆ ವಿಳಾಸ ಎಲ್ಲೆಲ್ಲಿ ದಾಖಲಾಗಿದೆ ಎಂದು ಹುಡುಕಿ, ಒಂದೊಂದನ್ನಾಗಿ ಬೇರೆ ವಿಳಾಸಕ್ಕೆ ಬದಲಿಸಿ. ಕೆಲಸ ಬೇಸರದ್ದೇ, ಆದರೂ ಬಿಡುವಂತಿಲ್ಲ. ಇಲ್ಲಿ ಒಂದು ಎಚ್ಚರ: ಡೊಮೈನಿನ ನೋಂದಣಿದಾರರ ಇಮೇಲ್ ಬದಲಿಸಿದರೆ ಮುಂದಿನ ಹಂತದಲ್ಲಿ ಹೇಳುವ 60 ದಿನಗಳ ತಡೆ ಬೀಳಬಹುದು. ತಡೆ ಬೇಡವೆಂದು ಆಯ್ದುಕೊಳ್ಳಲು ರಿಜಿಸ್ಟ್ರಾರ್ ಅವಕಾಶ ಕೊಟ್ಟಿದ್ದರೆ ಬದಲಿಸುವ ಮುನ್ನವೇ ಆಯ್ದುಕೊಳ್ಳಬೇಕು.

ಹಂತ 2: ಹೆಸರು ಈಗ ವರ್ಗಾವಣೆಗೆ ಸಿದ್ಧವಿದೆಯೇ ನೋಡಿ

ಹೊಸದಾಗಿ ನೋಂದಾಯಿಸಿದ, ಇತ್ತೀಚೆಗೆ ಬೇರೆ ರಿಜಿಸ್ಟ್ರಾರ್‌ನಿಂದ ತಂದ, ಅಥವಾ ನೋಂದಣಿದಾರರ ವಿವರ ಬದಲಾದ ಹೆಸರನ್ನು ಮತ್ತೊಂದು ರಿಜಿಸ್ಟ್ರಾರ್‌ಗೆ ಕಳುಹಿಸಲು ಸಾಮಾನ್ಯವಾಗಿ 60 ದಿನ ಕಾಯಬೇಕಾಗುತ್ತದೆ. ದೇಶಸೂಚಕ ವಿಸ್ತರಣೆಗಳ ನಿಯಮಗಳೇ ಬೇರೆ. ಇದು ವಂಚನೆಗೆ ನೇರ ಸಂಬಂಧಿಸಿದ್ದಲ್ಲವೆಂದು ಕಾಣಬಹುದು. ಆದರೆ ಹಣ ಎಸ್ಕ್ರೋದಲ್ಲಿ ಕೂತ ಮೇಲೆ ವರ್ಗಾವಣೆ ಸಿಕ್ಕಿಕೊಂಡರೆ, ‘ಎಸ್ಕ್ರೋ ಬಿಟ್ಟುಬಿಡೋಣ, ನೇರವಾಗಿ ಮುಗಿಸೋಣ’ ಎಂಬ ಸಲಹೆಗೆ ಅದೇ ನೆಪವಾಗುತ್ತದೆ.

ಹಂತ 3: ಖರೀದಿದಾರರನ್ನು ಪರಿಶೀಲಿಸಿ

ಮೊದಲ ಪತ್ರ ಬಂದಾಗ ಕಳುಹಿಸಿದವರ ಹೆಸರನ್ನಲ್ಲ, ವಿಳಾಸವನ್ನು ಓದಿ. ದೊಡ್ಡ ಸಂಸ್ಥೆಯೊಂದರ ಪ್ರತಿನಿಧಿ ಎನ್ನುವವರು ಉಚಿತ ಇಮೇಲ್‌ನಿಂದ ಬರೆಯುತ್ತಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕರಿಸಬೇಕಿಲ್ಲ, ಏಕೆಂದರೆ ನಿಜವಾದ ಖರೀದಿದಾರರೂ ಬೆಲೆ ಏರದಿರಲೆಂದು ಗುರುತು ಮರೆಮಾಚುವುದುಂಟು. ಸಂಸ್ಥೆಯ ಹೆಸರಿನ ವಿಳಾಸದಿಂದಲೇ ಪತ್ರ ಬಂದಿದ್ದರೆ ಆ ವಿಳಾಸದ ಡೊಮೈನ್ ಯಾವಾಗ ನೋಂದಣಿಯಾಗಿದೆ ಎಂದು ಲುಕಪ್ ಪುಟದಲ್ಲಿ ನೋಡಿ. ದಶಕಗಳ ಇತಿಹಾಸ ಹೇಳಿಕೊಳ್ಳುವ ಸಂಸ್ಥೆಯ ಡೊಮೈನ್ ಹೋದ ತಿಂಗಳು ಹುಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಪತ್ರದ ಮೂಲ ಶಿರೋಲೇಖ (ಹೆಡರ್) ತೆರೆದು, ಕಳುಹಿಸಿದ ಡೊಮೈನ್ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆಗಳು ಪಾಸಾಗಿವೆಯೇ, ಉತ್ತರ ಹೋಗುವ ವಿಳಾಸ ಬೇರೆಯಾಗಿದೆಯೇ ಎಂದು ನೋಡುವುದನ್ನೂ ರೂಢಿಸಿಕೊಳ್ಳಿ. ಪರೀಕ್ಷೆ ಪಾಸಾದರೆ ಪತ್ರ ಆ ಡೊಮೈನಿನಿಂದ ಬಂದಿದೆ ಎಂದಷ್ಟೇ ಖಚಿತವಾಗುತ್ತದೆ. ಬರೆದವರು ಪ್ರಾಮಾಣಿಕರು ಎಂಬುದಕ್ಕೆ ಅದು ಪುರಾವೆಯಾಗದು.

ಈ ಹಂತದಲ್ಲಿ ಹೆಚ್ಚು ಮಂದಿ ಬೀಳುವ ಗುಂಡಿ ಎಂದರೆ ಮೌಲ್ಯಮಾಪನ ಪತ್ರದ ವಂಚನೆ. ನೀವು ಕೇಳಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಒಪ್ಪುವ ಖರೀದಿದಾರರು, ತಮ್ಮ ಹೂಡಿಕೆದಾರರಿಗೆ ತೋರಿಸಲು ಒಂದು ಮೌಲ್ಯಮಾಪನ ಪ್ರಮಾಣಪತ್ರ ಬೇಕು ಎನ್ನುತ್ತಾರೆ. ಸ್ವಯಂಚಾಲಿತ ಮೌಲ್ಯಮಾಪನ ನಡೆಯದು, ‘ಮನುಷ್ಯರೇ ಮಾಡಿದ್ದು’ ಬೇಕು ಎಂದೂ ಸೇರಿಸುತ್ತಾರೆ. ಎಲ್ಲಿ ಮಾಡಿಸಬೇಕು ಎಂದು ಕೇಳಿದರೆ ಒಂದು ಜಾಲತಾಣದ ಹೆಸರು ಬರುತ್ತದೆ, ಕೆಲವೊಮ್ಮೆ ಬೇರೊಬ್ಬ ಮಾರಾಟಗಾರರು ಅದನ್ನು ಹೊಗಳಿ ಬರೆದಂತೆ ಕಾಣುವ ಪುಟದ ಕೊಂಡಿಯೂ ಜೊತೆಗಿರುತ್ತದೆ. ನೀವು ಶುಲ್ಕ ಕಟ್ಟುತ್ತೀರಿ, ಪ್ರಮಾಣಪತ್ರ ಬರುತ್ತದೆ, ಖರೀದಿದಾರರು ಮಾಯವಾಗುತ್ತಾರೆ, ಏಕೆಂದರೆ ಆ ಜಾಲತಾಣವೂ ಅವರದ್ದೇ. ನಿಯಮ ಸರಳವಾಗಿದೆ: ಮಾರುವವರು ಮುಂಗಡವಾಗಿ ಯಾವ ಶುಲ್ಕವನ್ನೂ ಮೂರನೆಯವರಿಗೆ ಕಟ್ಟಬೇಕಿಲ್ಲ. ಮೌಲ್ಯಮಾಪನ ಬೇಕಾದವರು ತಾವೇ ಮಾಡಿಸಿಕೊಳ್ಳಲಿ.

‘ನಿಮ್ಮ ಡೊಮೈನಿಗೆ ಬಂದ ಬೇಡಿಕೆ ನೋಡಲು ಲಾಗಿನ್ ಆಗಿ’ ಎನ್ನುವ ಪತ್ರಗಳಲ್ಲಿನ ಕೊಂಡಿಯನ್ನು ಒತ್ತಬೇಡಿ; ಬ್ರೌಸರಿನಲ್ಲಿ ವಿಳಾಸ ಟೈಪಿಸಿ ಒಳಗೆ ಹೋಗಿ ನೋಡಿ. ಖರೀದಿ ಒಪ್ಪಂದ ಎಂದು ಬರುವ ಜಿಪ್ ಅಥವಾ ಎಚ್‌ಟಿಎಂಎಲ್ ಕಡತಗಳನ್ನು ತೆರೆಯಲೇಬೇಡಿ.

ಹಂತ 4: ಪಾವತಿಯ ದಾರಿಯನ್ನು ನೀವೇ ನಿರ್ಧರಿಸಿ

ಬೆಲೆಯ ಮಾತಿಗೆ ಮೊದಲೇ, ಯಾವ ದಾರಿಯಲ್ಲಿ ಹಣ ಪಡೆಯುತ್ತೀರಿ ಎಂಬುದನ್ನು ನಿಮ್ಮ ಮೊದಲ ಉತ್ತರದಲ್ಲೇ ಬರೆದುಬಿಡಿ. ಕೊನೆಯಲ್ಲಿ ಹೇಳಿದರೆ ಅದು ಚೌಕಾಸಿಯ ವಿಷಯವಾಗುತ್ತದೆ. ಒಂದೊಂದು ದಾರಿಗೂ ಹಣ ಹಿಂದೆ ಹೋಗುವ ತನ್ನದೇ ರೀತಿಯಿದೆ.

ಕಾರ್ಡ್ ಪಾವತಿಯಲ್ಲಿ ಕಾರ್ಡುದಾರರು ತಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ (ಕಟ್ಟಿದ ಹಣ ವಾಪಸು) ಕೇಳಬಹುದು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಬಹುತೇಕ ಬಗೆಯ ವಿವಾದಗಳಿಗೆ 120 ದಿನಗಳ ಅವಧಿಯಿದೆ. ಕಾರ್ಡ್ ಕದ್ದದ್ದಾಗಿದ್ದರೆ ನಿಮ್ಮ ಖರೀದಿದಾರರು ದೂರುವುದೇ ಇಲ್ಲ, ದೂರುವವರು ನಿಮಗೆ ಗೊತ್ತೇ ಇಲ್ಲದ ನಿಜವಾದ ಕಾರ್ಡುದಾರರು. ಪೇಪ್ಯಾಲ್‌ನಲ್ಲಿ ಪಾವತಿಸಿದವರು 180 ದಿನಗಳೊಳಗೆ ವಿವಾದ ಹೂಡಬಹುದು. ಸ್ನೇಹಿತರಿಗೆ ಕಳುಹಿಸುವ ಬಗೆಯಲ್ಲಿ ಹಣ ಬಂದರೆ ವಿವಾದಕ್ಕೆ ಅವಕಾಶವಿಲ್ಲ ಎಂದು ನೆಮ್ಮದಿಯಿಂದ ಇರುವವರಿದ್ದಾರೆ. ಆದರೆ ಆ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದರೆ ಆ ಹಣವೂ ಹಿಂದೆ ಹೋಗಬಹುದು. ಚೆಕ್ಕಿನ ಮಾತು ಇನ್ನೂ ಕೆಟ್ಟದ್ದು. ಬ್ಯಾಂಕು ಮೊತ್ತವನ್ನು ಬಳಕೆಗೆ ಬಿಟ್ಟ ನಂತರವೂ ಚೆಕ್ ನಕಲಿ ಎಂದು ಗೊತ್ತಾದರೆ ಅಷ್ಟೂ ಹಣವನ್ನು ನಿಮ್ಮ ಖಾತೆಯಿಂದಲೇ ಕಡಿತ ಮಾಡುತ್ತದೆ. ಹೆಚ್ಚು ಮೊತ್ತದ ಚೆಕ್ ಕಳುಹಿಸಿ, ಮಿಕ್ಕಿದ್ದನ್ನು ಬೇರೊಬ್ಬರಿಗೆ ಕಳುಹಿಸಿಕೊಡಿ ಎಂದರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಬ್ಯಾಂಕಿನಿಂದ ಬ್ಯಾಂಕಿಗೆ ಬರುವ ವೈರ್ ವರ್ಗಾವಣೆ ಜಮೆಯಾದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ, ಆದ್ದರಿಂದ ನೇರ ದಾರಿಗಳ ಪೈಕಿ ಅದು ವಾಸಿ. ಆದರೆ ಖರೀದಿದಾರರು ಕಳುಹಿಸುವ ಸ್ವಿಫ್ಟ್ ಸಂದೇಶದ (ಬ್ಯಾಂಕುಗಳ ನಡುವಿನ ಪಾವತಿ ಸಂದೇಶದ) ಪಿಡಿಎಫ್ ಪ್ರತಿಗೆ ಬೆಲೆಯಿಲ್ಲ. ಯಾರು ಬೇಕಾದರೂ ಅದನ್ನು ತಯಾರಿಸಬಹುದು, ಅಸಲಿಯೇ ಆಗಿದ್ದರೂ ಅದು ಹಣ ಹೊರಟಿದೆ ಎನ್ನುತ್ತದೆಯೇ ಹೊರತು ತಲುಪಿದೆ ಎನ್ನುವುದಿಲ್ಲ. ಕ್ರಿಪ್ಟೋ ಪಾವತಿ ದೃಢಪಟ್ಟ ಮೇಲೆ ಹಿಂದಿರುಗದು. ಅಲ್ಲಿ ಮೋಸ ನಡೆಯುವುದು ಅದಕ್ಕೆ ಮೊದಲು: ಹೆಸರಾಂತ ಟೋಕನ್ನಿನದೇ ಹೆಸರಿಟ್ಟ ನಕಲಿ ಟೋಕನ್ ಕಳುಹಿಸುವುದು, ದೃಢೀಕರಣವಾಗದ ವಹಿವಾಟನ್ನು ತೋರಿಸುವುದು, ಅಥವಾ ತಮ್ಮದೇ ನಕಲಿ ವಿನಿಮಯ ತಾಣದಲ್ಲಿ ನಿಮ್ಮ ಹೆಸರಿಗೆ ದೊಡ್ಡ ಮೊತ್ತ ತೋರಿಸಿ ‘ತೆಗೆಯಲು ಶುಲ್ಕ ಕಟ್ಟಿ’ ಎನ್ನುವುದು. ಒಪ್ಪುವುದಾದರೆ ಟೋಕನ್ನಿನ ಕಾಂಟ್ರಾಕ್ಟ್ ವಿಳಾಸವನ್ನು (ಆ ಟೋಕನ್ನನ್ನು ಗುರುತಿಸುವ ವಿಳಾಸವನ್ನು) ಅಸಲಿಯದರೊಂದಿಗೆ ಹೋಲಿಸಿ ನೋಡಿ, ಬಿಟ್‌ಕಾಯಿನ್‌ನಲ್ಲಾದರೆ ರೂಢಿಯಂತೆ 6 ದೃಢೀಕರಣಗಳವರೆಗೆ ಕಾಯಿರಿ.

ನೇರ ಪಾವತಿಯಲ್ಲಿ ಇನ್ನೊಂದು ಸೂಕ್ಷ್ಮ ಮೋಸವಿದೆ. ನಡುವಿನವರೊಬ್ಬರು ನಿಮ್ಮೆದುರು ಖರೀದಿದಾರರಾಗಿಯೂ ಬೇರೊಬ್ಬರೆದುರು ನಿಮ್ಮ ಡೊಮೈನಿನ ಮಾಲೀಕರಾಗಿಯೂ ನಟಿಸುತ್ತಾರೆ. ಆ ಬೇರೊಬ್ಬರು ಅಸಲಿ ಹಣವನ್ನೇ ನಿಮ್ಮ ಖಾತೆಗೆ ಕಳುಹಿಸುತ್ತಾರೆ, ನೀವು ಹೆಸರನ್ನು ನಡುವಿನವರಿಗೆ ಕೊಡುತ್ತೀರಿ, ಆಮೇಲೆ ಹಣ ಕೊಟ್ಟವರು ನಿಮ್ಮ ಮೇಲೆ ದೂರು ಕೊಡುತ್ತಾರೆ. ಇದನ್ನು ತಡೆಯುವ ದಾರಿ ಒಂದೇ. ಹಣ ಕಳುಹಿಸಿದವರ ಹೆಸರೂ ಒಪ್ಪಂದದಲ್ಲಿರುವ ಖರೀದಿದಾರರ ಹೆಸರೂ ಒಂದೇ ಆಗಿರಬೇಕು; ‘ನನ್ನ ಪಾಲುದಾರರು ಕಟ್ಟುತ್ತಾರೆ’ ಎಂದರೆ ಆ ಪಾಲುದಾರರೇ ಒಪ್ಪಂದಕ್ಕೆ ಸಹಿ ಹಾಕಬೇಕು.

ಇವೆಲ್ಲವನ್ನೂ ತೂಗಿದರೆ, ಅಪರಿಚಿತರೊಂದಿಗಿನ ಮಾರಾಟಕ್ಕೆ ನನ್ನ ಆಯ್ಕೆ ಎಸ್ಕ್ರೋ ಅಥವಾ ಹಣವನ್ನು ತಾವೇ ಹಿಡಿದಿಟ್ಟುಕೊಳ್ಳುವ ಸೆಡೋ, ಆಫ್ಟರ್ನಿಕ್‌ನಂಥ ಮಾರುಕಟ್ಟೆಗಳು. ಮೊತ್ತ ಚಿಕ್ಕದಾಗಿದ್ದರೆ ಶುಲ್ಕ ಭಾರವೆನಿಸೀತು, ಹಾಗೆನಿಸಿದರೆ ಅದನ್ನು ಬೆಲೆಯಲ್ಲೇ ಸೇರಿಸಿ ಕೇಳಿ.

ಹಂತ 5: ಎಸ್ಕ್ರೋ ವಹಿವಾಟನ್ನು ನೀವೇ ತೆರೆಯಿರಿ

ಎಸ್ಕ್ರೋದಲ್ಲಿ ಕ್ರಮ ಹೀಗಿರುತ್ತದೆ: ಇಬ್ಬರೂ ಷರತ್ತು ಒಪ್ಪುತ್ತಾರೆ, ಖರೀದಿದಾರರು ಹಣವನ್ನು ಎಸ್ಕ್ರೋ ಸಂಸ್ಥೆಗೆ ಕಟ್ಟುತ್ತಾರೆ, ಸಂಸ್ಥೆ ಪರಿಶೀಲಿಸಿ ಹಣ ಭದ್ರವಾಗಿದೆ ಎಂದು ನಿಮಗೆ ತಿಳಿಸುತ್ತದೆ, ನೀವು ಡೊಮೈನ್ ವರ್ಗಾಯಿಸುತ್ತೀರಿ, ಖರೀದಿದಾರರು ಸ್ವೀಕರಿಸಿದ ಮೇಲೆ ಹಣ ನಿಮಗೆ ಬಿಡುಗಡೆಯಾಗುತ್ತದೆ. ಈ ಸರಪಳಿಯ ಮೂರನೆಯ ಕೊಂಡಿಯನ್ನು ಹಾರಿದರೆ ಎಸ್ಕ್ರೋ ಇದ್ದೂ ಇಲ್ಲದಂತೆಯೇ.

ವಂಚಕರಿಗೆ ಇದು ಗೊತ್ತಿರುವುದರಿಂದ ಅವರು ಎಸ್ಕ್ರೋವನ್ನು ವಿರೋಧಿಸುವುದಿಲ್ಲ, ತಮ್ಮದೇ ಒಂದನ್ನು ಕಟ್ಟಿಕೊಂಡಿರುತ್ತಾರೆ. 1999ರಿಂದ ನಡೆಯುತ್ತಿರುವ ಎಸ್ಕ್ರೋ ಡಾಟ್ ಕಾಮ್‌ನ ಹೆಸರು, ಬಣ್ಣ, ಪುಟವಿನ್ಯಾಸಗಳನ್ನು ನಕಲು ಮಾಡಿದ ತಾಣಗಳು ಮತ್ತೆ ಮತ್ತೆ ಹುಟ್ಟುತ್ತಿರುತ್ತವೆ. ಹೆಸರಿನಲ್ಲಿ ಒಂದು ಅಡ್ಡಗೆರೆ ಹೆಚ್ಚಿರುತ್ತದೆ, ವಿಸ್ತರಣೆ ಬೇರೆಯಿರುತ್ತದೆ, ಇಲ್ಲವೇ ಲ್ಯಾಟಿನ್ ಅಕ್ಷರದಂತೆ ಕಾಣುವ ಸಿರಿಲಿಕ್ ಅಕ್ಷರ ಸೇರಿರುತ್ತದೆ. ಇಂಥ ವಿಳಾಸವನ್ನು ನಕಲಿಸಿ ಸಾದಾ ಪಠ್ಯ ಕಡತಕ್ಕೆ ಅಂಟಿಸಿದಾಗ ಹಲವು ಬಾರಿ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೂಪ ಬಯಲಾಗುತ್ತದೆ. ಬ್ರೌಸರಿನ ವಿಳಾಸಪಟ್ಟಿಯ ಬೀಗದ ಚಿಹ್ನೆಯನ್ನು ನಂಬಬೇಡಿ. ಅದು ಸಂಪರ್ಕ ಗೂಢಲಿಪಿಯಲ್ಲಿದೆ ಎನ್ನುತ್ತದೆ, ತಾಣದ ಮಾಲೀಕರ ಬಗ್ಗೆ ಏನೂ ಹೇಳದು.

ಖರೀದಿದಾರರು ಸೂಚಿಸಿದ ಎಸ್ಕ್ರೋ ತಾಣವನ್ನು ಪರೀಕ್ಷಿಸುವಾಗ ನೋಂದಣಿ ದಿನಾಂಕ ನೋಡಿ. ಸಂಸ್ಥೆ ಹೇಳಿಕೊಳ್ಳುವ ಪರವಾನಗಿಯನ್ನು ಪರವಾನಗಿ ಕೊಟ್ಟ ಪ್ರಾಧಿಕಾರದ ಜಾಲತಾಣದಲ್ಲೇ ಹುಡುಕಿ, ಆ ತಾಣದಲ್ಲಿರುವ ಕೊಂಡಿಯಿಂದ ಹೋಗಬೇಡಿ. ಮಾರುವವರಿಂದ ‘ಭದ್ರತಾ ಠೇವಣಿ’, ‘ತೆರಿಗೆ’, ‘ಬಿಡುಗಡೆ ಶುಲ್ಕ’ ಕೇಳುವುದು, ಹಣವನ್ನು ವ್ಯಕ್ತಿಯೊಬ್ಬರ ಹೆಸರಿನ ಖಾತೆಗೆ ಕಳುಹಿಸಲು ಹೇಳುವುದು, ಚಾಟ್ ಬಿಟ್ಟರೆ ಬೇರೆ ಸಂಪರ್ಕವೇ ಇಲ್ಲದಿರುವುದು, ಇವು ಅಪಾಯದ ಗುರುತುಗಳು. ಇಷ್ಟೆಲ್ಲ ಪತ್ತೇದಾರಿಕೆಗಿಂತ ಸುಲಭವಾದದ್ದು, ನೀವು ಮೊದಲೇ ಖಾತೆ ತೆರೆದಿಟ್ಟ ಸೇವೆಯಲ್ಲಿ ನೀವೇ ವಹಿವಾಟು ಆರಂಭಿಸಿ ಖರೀದಿದಾರರನ್ನು ಅಲ್ಲಿಗೆ ಕರೆಯುವುದು. ಒಪ್ಪದಿದ್ದರೆ ಮಾರಾಟ ನಿಲ್ಲಲಿ.

ಹಂತ 6: ಷರತ್ತುಗಳನ್ನು ಬರಹಕ್ಕೆ ಇಳಿಸಿ

ಡೊಮೈನಿನ ಪೂರ್ಣ ಹೆಸರು, ಮೊತ್ತ, ಕರೆನ್ಸಿ, ಎಸ್ಕ್ರೋ ಶುಲ್ಕ ಯಾರದ್ದು, ವರ್ಗಾವಣೆಯ ವಿಧಾನ, ಖರೀದಿದಾರರ ರಿಜಿಸ್ಟ್ರಾರ್ ಖಾತೆಯ ಗುರುತು, ಪರಿಶೀಲನಾ ಅವಧಿ ಎಷ್ಟು ದಿನ, ಅದರೊಳಗೆ ಉತ್ತರ ಬಾರದಿದ್ದರೆ ಏನು ಎಂಬುದೆಲ್ಲ ಒಂದೇ ದಾಖಲೆಯಲ್ಲಿರಲಿ. ನಿಮ್ಮ ಬ್ಯಾಂಕ್ ವಿವರ ನಡುವೆ ಎಂದೂ ಬದಲಾಗುವುದಿಲ್ಲ, ಬದಲಾಯಿತೆಂದು ಪತ್ರ ಬಂದರೆ ಅದು ನಮ್ಮದಲ್ಲ ಎಂಬ ಸಾಲನ್ನೂ ಸೇರಿಸಿ. ಹ್ಯಾಕ್ ಆದ ಅಂಚೆಪೆಟ್ಟಿಗೆಯ ಮೂಲಕ ನಕಲಿ ಖಾತೆ ಸಂಖ್ಯೆ ತೂರಿಸುವ ಮೋಸದಿಂದ ಖರೀದಿದಾರರಿಗೂ ಇದು ರಕ್ಷಣೆ.

ಕಂತುಗಳಲ್ಲಿ ಮಾರುವುದಾದರೆ ಕೊನೆಯ ಕಂತು ಸಂದಾಯವಾಗುವವರೆಗೆ ಡೊಮೈನ್ ಎಸ್ಕ್ರೋ ಸಂಸ್ಥೆಯ ಅಥವಾ ಮಾರುಕಟ್ಟೆಯ ವಶದಲ್ಲಿರಬೇಕು. ಖರೀದಿದಾರರಿಗೆ ನೇಮ್‌ಸರ್ವರ್ ಬದಲಿಸುವ, ಅಂದರೆ ಹೆಸರನ್ನು ತಮ್ಮ ಜಾಲತಾಣಕ್ಕೆ ಜೋಡಿಸಿಕೊಳ್ಳುವ, ಅನುಮತಿ ಸಾಕು.

ಹಂತ 7: ಹಣ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತದಲ್ಲಿ ಬರುವ ನಕಲಿ ಪತ್ರದ ಅಚ್ಚು ಸಾಮಾನ್ಯವಾಗಿ ಹೀಗಿರುತ್ತದೆ. ಮೇಲೆ ಪಾವತಿ ಸಂಸ್ಥೆಯ ಲಾಂಛನ, ಕೆಳಗೆ ನಿಮ್ಮ ಹೆಸರು, ಸರಿಯಾದ ಮೊತ್ತ, ಡೊಮೈನಿನ ಹೆಸರು. ‘ನಿಮ್ಮ ಹಣವನ್ನು ಸ್ವೀಕರಿಸಲಾಗಿದ್ದು ತಡೆಹಿಡಿಯಲಾಗಿದೆ, ವರ್ಗಾವಣೆಯ ಪುರಾವೆ ಕಳುಹಿಸಿದ 24 ಗಂಟೆಗಳಲ್ಲಿ ಜಮೆಯಾಗುತ್ತದೆ’ ಎಂಬ ಸಾಲು. ಉತ್ತರಿಸಲು ಒತ್ತಿದರೆ ವಿಳಾಸದ ಕೊನೆಯಲ್ಲಿ ಬೇರೆಯೇ ಡೊಮೈನ್. ಮೊತ್ತ, ಹೆಸರುಗಳೆಲ್ಲ ಸರಿಯಾಗಿರುವುದರಿಂದ ಓದುವವರಿಗೆ ಅನುಮಾನ ಬರುವುದಿಲ್ಲ. ಆದರೆ ಆ ವಿವರಗಳನ್ನು ಖರೀದಿದಾರರಿಗೆ ಕೊಟ್ಟವರು ನೀವೇ ತಾನೆ.

ಪತ್ರ, ಸ್ಕ್ರೀನ್‌ಶಾಟ್, ಎಸ್‌ಎಂಎಸ್ ಯಾವುದನ್ನೂ ಪುರಾವೆಯೆಂದು ಎಣಿಸಬೇಡಿ. ಹೊಸ ಬ್ರೌಸರ್ ಕಿಟಕಿಯಲ್ಲಿ ಎಸ್ಕ್ರೋ ತಾಣದ ವಿಳಾಸ ಟೈಪಿಸಿ, ಲಾಗಿನ್ ಆಗಿ, ವಹಿವಾಟಿನ ಪುಟದಲ್ಲಿ ಹಣ ಭದ್ರವಾಗಿದೆ ಎಂಬ ಸ್ಥಿತಿ ಕಾಣುವವರೆಗೆ ಕಾಯಿರಿ. ಖರೀದಿದಾರರು ಪಾವತಿಸಿದ್ದಾರೆ ಎಂಬ ಸ್ಥಿತಿಗೂ ಸಂಸ್ಥೆ ಪರಿಶೀಲಿಸಿ ಒಪ್ಪಿದೆ ಎಂಬ ಸ್ಥಿತಿಗೂ ವ್ಯತ್ಯಾಸವಿದೆ, ನಿಮಗೆ ಬೇಕಾದದ್ದು ಎರಡನೆಯದು. ನೇರ ಬ್ಯಾಂಕ್ ವರ್ಗಾವಣೆಯಾದರೆ, ಮೊತ್ತ ಅಂತಿಮವಾಗಿ ಇತ್ಯರ್ಥವಾಗಿದೆಯೇ ಎಂದು ನಿಮ್ಮ ಬ್ಯಾಂಕನ್ನೇ ಕೇಳಿ. ಈ ಕಾಯುವಿಕೆಯಲ್ಲಿ ಖರೀದಿದಾರರಿಂದ ಒತ್ತಡ ಬಂದೇ ಬರುತ್ತದೆ: ವಿಮಾನಕ್ಕೆ ಹೊತ್ತಾಯಿತು, ಇಂದೇ ಜಾಲತಾಣದ ಬಿಡುಗಡೆಯಿದೆ, ವಕೀಲರು ಕೇಳುತ್ತಿದ್ದಾರೆ. ಪರಿಶೀಲನೆ ಮುಗಿದ ಕೂಡಲೇ ಕಳುಹಿಸುತ್ತೇನೆ ಎಂಬ ಒಂದೇ ಉತ್ತರ ಎಲ್ಲಕ್ಕೂ ಸಾಕು.

ಹಂತ 8: ಹೆಸರನ್ನು ಬಿಟ್ಟುಕೊಡಿ

ಈಗ ಬೀಗ ತೆಗೆಯಬಹುದು. ಎರಡು ವಿಧಾನಗಳಿವೆ. ಒಂದೇ ರಿಜಿಸ್ಟ್ರಾರ್‌ನೊಳಗಿನ ಪುಶ್ (ಖಾತೆಯಿಂದ ಖಾತೆಗೆ ವರ್ಗಾವಣೆ) ತಕ್ಷಣ ಆಗುತ್ತದೆ, ನಡುವೆ ನಿಲ್ಲಿಸಲು ಸಮಯವಿರುವುದಿಲ್ಲ. ಆದ್ದರಿಂದ ಖಾತೆಯ ಗುರುತನ್ನು ಎಸ್ಕ್ರೋ ಪುಟದಲ್ಲಿ ದಾಖಲಾದದ್ದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಇಮೇಲ್‌ನಲ್ಲಿ ಕೊನೆಗಳಿಗೆಯಲ್ಲಿ ಬಂದ ಬೇರೆ ಗುರುತಿಗೆ ಕಳುಹಿಸಬೇಡಿ. ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಾದರೆ ಆಥ್ ಕೋಡ್ (ವರ್ಗಾವಣೆಯ ಗುಪ್ತಪದ) ಬೇಕು, ಪ್ರಕ್ರಿಯೆಗೆ ಸಾಮಾನ್ಯವಾಗಿ 5 ದಿನಗಳವರೆಗೆ ಹಿಡಿಯುತ್ತದೆ, ಆ ಅವಧಿಯಲ್ಲಿ ನಿಮ್ಮ ರಿಜಿಸ್ಟ್ರಾರ್ ಕಳುಹಿಸುವ ಸೂಚನೆಯ ಮೂಲಕ ತಡೆಯುವ ಅವಕಾಶವೂ ಇರುತ್ತದೆ. ನನ್ನ ಮಟ್ಟಿಗೆ, ಮೊತ್ತ ದೊಡ್ಡದಾದಷ್ಟೂ ಈ ನಿಧಾನದ ದಾರಿಯೇ ಮೇಲು.

ಆಥ್ ಕೋಡ್ ಮನೆಯ ಕೀಲಿಯಿದ್ದಂತೆ; ಬೀಗ ತೆಗೆದಿದ್ದರೆ ಅದು ಯಾರ ಕೈಯಲ್ಲಿದೆಯೋ ಅವರು ವರ್ಗಾವಣೆ ಆರಂಭಿಸಬಹುದು. ‘ಮಾಲೀಕರು ನೀವೇ ಎಂದು ಖಚಿತಪಡಿಸಲು’ ಅದನ್ನು ಕೇಳಿದರೆ ಕೊಡಬೇಡಿ. ಮಾಲೀಕತ್ವ ತೋರಿಸಲು ಡಿಎನ್‌ಎಸ್‌ನಲ್ಲಿ (ಡೊಮೈನಿನ ತಾಂತ್ರಿಕ ದಾಖಲೆಗಳಲ್ಲಿ) ಒಂದು ಟಿಎಕ್ಸ್‌ಟಿ (ಪಠ್ಯ) ದಾಖಲೆ ಸೇರಿಸಿದರೆ ಸಾಕು. ಕೋಡ್ ಕೊಟ್ಟ ಮೇಲೆ ಮಾರಾಟ ಮುರಿದರೆ ಬೀಗ ಮತ್ತೆ ಹಾಕಿ, ಹೊಸ ಕೋಡ್ ಪಡೆದು ಹಳೆಯದನ್ನು ನಿರುಪಯುಕ್ತಗೊಳಿಸಿ.

ಹಂತ 9: ದಾಖಲೆ ಉಳಿಸಿ

ವರ್ಗಾವಣೆಗೆ ಮೊದಲಿನ ಮತ್ತು ನಂತರದ ಆರ್‌ಡಿಎಪಿ ವಿವರ, ರಿಜಿಸ್ಟ್ರಾರ್ ದೃಢೀಕರಣ ಪತ್ರ, ಎಸ್ಕ್ರೋ ವಹಿವಾಟಿನ ಪುಟ, ಒಪ್ಪಂದ, ಶಿರೋಲೇಖ ಸಮೇತ ಎಲ್ಲ ಪತ್ರಗಳನ್ನೂ ಡೊಮೈನಿನ ಹೊರಗಿನ ಜಾಗದಲ್ಲಿಡಿ. ಡೊಮೈನ್ ತಲುಪಿಲ್ಲ ಎಂದು ವಿವಾದ ಹೂಡಿದರೆ ಇವೇ ನಿಮ್ಮ ಉತ್ತರ. ಕಾರ್ಡ್ ಅಥವಾ ಪೇಪ್ಯಾಲ್ ಮೂಲಕ ಹಣ ಪಡೆದಿದ್ದರೆ ವಿವಾದದ ಅವಧಿ ಮುಗಿಯುವವರೆಗೆ ಆ ಮೊತ್ತವನ್ನು ಖರ್ಚು ಮಾಡಬೇಡಿ.

ಹಂತ 10: ಮೋಸವಾಗಿದೆ ಎಂದು ಗೊತ್ತಾದರೆ

ಮೊದಲ ಕರೆ ನಿಮ್ಮ ರಿಜಿಸ್ಟ್ರಾರ್‌ಗೆ. ವರ್ಗಾವಣೆ ಬಾಕಿ ಇದ್ದರೆ ತಡೆಯಲು ಹೇಳಿ. ಅದೇ ರಿಜಿಸ್ಟ್ರಾರ್‌ನೊಳಗೆ ಹೋಗಿದ್ದರೆ ಹೊಸ ಖಾತೆಯಲ್ಲಿ ಹೆಸರನ್ನು ಸ್ತಂಭನಗೊಳಿಸಲು ಲಿಖಿತವಾಗಿ ಕೇಳಿ. ಬೇರೆ ರಿಜಿಸ್ಟ್ರಾರ್‌ಗೆ ಹೋಗಿದ್ದರೆ ಐಕ್ಯಾನ್ ನಿಯಮದಡಿ ರಿಜಿಸ್ಟ್ರಾರ್‌ಗಳ ನಡುವೆ ‘ಟ್ರಾನ್ಸ್‌ಫರ್ ಎಮರ್ಜೆನ್ಸಿ ಆ್ಯಕ್ಷನ್ ಕಾಂಟ್ಯಾಕ್ಟ್’ (ಟಿಇಎಸಿ) ಎಂಬ ತುರ್ತು ಸಂಪರ್ಕ ವ್ಯವಸ್ಥೆಯಿದೆ, ಅದಕ್ಕೆ ಎದುರಿನ ರಿಜಿಸ್ಟ್ರಾರ್ 4 ಗಂಟೆಗಳೊಳಗೆ ಪ್ರತಿಕ್ರಿಯಿಸಬೇಕು. ಅದನ್ನು ನೀವು ನೇರವಾಗಿ ಬಳಸುವಂತಿಲ್ಲ, ನಿಮ್ಮ ರಿಜಿಸ್ಟ್ರಾರ್ ಮೂಲಕವೇ ಬಳಸಬೇಕು, ಆದ್ದರಿಂದ ಅದರ ಹೆಸರೆತ್ತಿ ಕೇಳಿ. ನೀವೇ ಒಪ್ಪಿ ಕೊಟ್ಟ ಹೆಸರಾದ್ದರಿಂದ ರಿಜಿಸ್ಟ್ರಾರ್ ಇದನ್ನು ಹಣದ ವಿವಾದವೆಂದು ಬದಿಗಿಡಬಹುದು. ಪಾವತಿ ಹಿಂದೆ ಹೋದ ಪುರಾವೆಯನ್ನೂ ಪೊಲೀಸ್ ದೂರಿನ ಪ್ರತಿಯನ್ನೂ ಜೊತೆಗಿಟ್ಟರೆ ಮಾತಿಗೆ ತೂಕ ಬರುತ್ತದೆ. ಅದೇ ದಿನ ಬ್ಯಾಂಕಿಗೂ ಪಾವತಿ ಸಂಸ್ಥೆಗೂ ತಿಳಿಸಿ. ವಂಚಕರು ಹೆಸರನ್ನು ಮತ್ತೊಬ್ಬರಿಗೆ ಮಾರುವ ಮೊದಲು, ಮಾರುಕಟ್ಟೆ ತಾಣಗಳಲ್ಲಿ ಅದು ಕಾಣಿಸಿಕೊಂಡಿದೆಯೇ ಎಂದು ಹುಡುಕಿ, ಕಂಡಲ್ಲಿ ವರದಿ ಮಾಡಿ.

ನಷ್ಟದ ಬಗ್ಗೆ ಎಲ್ಲಾದರೂ ಬಹಿರಂಗವಾಗಿ ಬರೆದರೆ, ಕಳೆದುಹೋದ ಡೊಮೈನ್ ಮರಳಿಸಿಕೊಡುತ್ತೇವೆ ಎನ್ನುವ ‘ತಜ್ಞರು’ ಒಂದೆರಡು ದಿನದಲ್ಲೇ ಸಂಪರ್ಕಿಸುತ್ತಾರೆ. ಇವರು ಮುಂಗಡ ಶುಲ್ಕ ಕೇಳುತ್ತಾರೆ, ರಿಜಿಸ್ಟ್ರಾರ್ ಒಳಗೆ ತಮ್ಮವರಿದ್ದಾರೆ ಎನ್ನುತ್ತಾರೆ, ಹಲವೊಮ್ಮೆ ಮೊದಲು ಮೋಸ ಮಾಡಿದ ತಂಡದವರೇ ಆಗಿರುತ್ತಾರೆ. ಉತ್ತರಿಸದೆ ಆ ಪತ್ರವನ್ನೂ ದೂರಿನ ಕಡತಕ್ಕೆ ಸೇರಿಸಿ.